ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೂತ್ರಕೋಶದ ಪಾಲನೆ

ಬೆನ್ನುಹುರಿಗೆ ತೀವ್ರ ಪೆಟ್ಟಾದಾಗ ಕೈಕಾಲುಗಳ ಬಲ ಮತ್ತು ಸ್ಪರ್ಶಜ್ಞಾನ ಹೋಗುವುದರ ಜೊತೆಗೇ ಮೂತ್ರಕೋಶವೂ ಮಿದುಳಿನ ಹಿಡಿತ ತಪ್ಪುತ್ತದೆ. ಮೂತ್ರ ತುಂಬಿದ್ದು ತಿಳಿಯುವುದಿಲ್ಲ. ಬೇಕೆಂದಾಗ ಹೋಗುವುದಿಲ್ಲ, ಬೇಡವೆಂದಾಗ ನಿಲ್ಲುವುದಿಲ್ಲ. ಕಾಲಿನ ನಿಶ್ಶಕ್ತಿ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದಕ್ಕೆ ಮದ್ದು ಹುಡುಕಿ ಮನೆಮಂದಿ ಊರೂರು ಅಲೆಯುತ್ತಾರೆ. ಮೂತ್ರದ ತೊಂದರೆಯನ್ನು ಹೇಳಿಕೊಳ್ಳಲು ಸಂಕೋಚ, ಕೇಳಲು ಮುಜುಗರ. ಆದರೆ ಜೀವಕ್ಕೆ ಕುತ್ತು ಬರುವುದು ನಡೆಯಲಾಗದ ಕಾಲಿನಿಂದಲ್ಲ, ಖಾಲಿಯಾಗದ ಮೂತ್ರಕೋಶದಿಂದ. ಅದನ್ನು ಸರಿಯಾಗಿ ನೋಡಿಕೊಂಡರೆ ಕಿಡ್ನಿಗಳು ಉಳಿಯುತ್ತವೆ. ಕಿಡ್ನಿಗಳು ಉಳಿದರೆ ಗಾಲಿಕುರ್ಚಿಯಲ್ಲಿದ್ದೂ ದಶಕಗಳ ಕಾಲ ದುಡಿದು ಬಾಳಬಹುದು.

ಭಾರತದಲ್ಲಿ ಈ ಬಗೆಯ ಗಾಯಕ್ಕೆ ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತಗಳು ಮುಖ್ಯ ಕಾರಣ. ಕರಾವಳಿ, ಮಲೆನಾಡುಗಳಲ್ಲಿ ಅಡಿಕೆ ಮರ, ತೆಂಗಿನ ಮರದಿಂದ ಜಾರಿ ಬಿದ್ದವರು, ಊರುಗಳಲ್ಲಿ ಕಟ್ಟಡದ ಕೆಲಸದಲ್ಲಿ ಕೆಳಗೆ ಬಿದ್ದವರು, ಬೈಕ್ ಅಪಘಾತಕ್ಕೆ ಸಿಕ್ಕವರು ಇವರಲ್ಲಿ ಹೆಚ್ಚು. ಬಹುಪಾಲು ದುಡಿಯುವ ವಯಸ್ಸಿನವರು. ಮುಂದೆ ನಾಲ್ಕೈದು ದಶಕ ಬದುಕಬೇಕಾದವರಿಗೆ ಮೂತ್ರಕೋಶದ ಪಾಲನೆ ದಿನನಿತ್ಯದ ವಿದ್ಯೆಯಾಗಲೇಬೇಕು.

ಮೂತ್ರಕೋಶದ ಸಹಜ ಕೆಲಸ

ಆರೋಗ್ಯವಂತ ವಯಸ್ಕರ ಕಿಡ್ನಿಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರವನ್ನು ತಯಾರಿಸುತ್ತವೆ. ಅದು ಎರಡು ಮೂತ್ರನಾಳಗಳ ಮೂಲಕ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶಕ್ಕೆ ಬರುತ್ತದೆ. ಮೂತ್ರಕೋಶ ಸ್ನಾಯುವಿನಿಂದಾದ ಚೀಲ. 400ರಿಂದ 500 ಮಿಲಿಲೀಟರ್ ತುಂಬುವವರೆಗೂ ಅದು ಸಡಿಲವಾಗಿ ಹಿಗ್ಗುತ್ತಾ ಹೋಗುತ್ತದೆ, ಒಳಗಿನ ಒತ್ತಡ ಮಾತ್ರ ಹೆಚ್ಚು ಏರುವುದಿಲ್ಲ. ಕೆಳಗಿನ ಬಾಯಿಯನ್ನು ಬಿಗಿಸ್ನಾಯುಗಳು ಮುಚ್ಚಿ ಹಿಡಿದಿರುತ್ತವೆ. ಮೂತ್ರ ವಿಸರ್ಜಿಸುವಾಗ ಚೀಲ ಹಿಂಡಿಕೊಳ್ಳಬೇಕು, ಅದೇ ಕ್ಷಣದಲ್ಲಿ ಬಿಗಿಸ್ನಾಯು ಸಡಿಲಗೊಳ್ಳಬೇಕು.

ಈ ಹೊಂದಾಣಿಕೆಯನ್ನು ನಡೆಸುವುದು ನರಗಳು. ಬೆನ್ನುಹುರಿಯ ತುದಿಯಲ್ಲಿರುವ ಸೇಕ್ರಲ್ ಭಾಗದ ಎರಡರಿಂದ ನಾಲ್ಕನೇ ಮಟ್ಟದ ನರಗಳು ಮೂತ್ರಕೋಶವನ್ನು ಹಿಂಡಿಸುತ್ತವೆ, ಹೊರಗಿನ ಬಿಗಿಸ್ನಾಯುವನ್ನೂ ಆಳುತ್ತವೆ. ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದ ಮಟ್ಟದಿಂದ ಹೊರಡುವ ನರಗಳು ಚೀಲವನ್ನು ಸಡಿಲವಾಗಿಟ್ಟು ಮೂತ್ರ ಹಿಡಿದಿಡಲು ನೆರವಾಗುತ್ತವೆ. ಇವೆರಡನ್ನೂ ಹೊಂದಿಸುವ ಕೇಂದ್ರ ಮಿದುಳುಕಾಂಡದಲ್ಲಿದೆ. ಹೋಗಬಹುದೇ, ತಡೆಯಬೇಕೇ ಎಂದು ತೀರ್ಮಾನಿಸುವುದು ಮಿದುಳಿನ ಮುಂಭಾಗ. ಮಿದುಳಿಗೂ ಸೇಕ್ರಲ್ ಭಾಗಕ್ಕೂ ನಡುವಿನ ಸಂದೇಶವೆಲ್ಲ ಬೆನ್ನುಹುರಿಯ ಮೂಲಕವೇ ಹಾಯಬೇಕು. ಆ ದಾರಿ ಕಡಿದರೆ ವ್ಯವಸ್ಥೆಯೆಲ್ಲ ಅಸ್ತವ್ಯಸ್ತವಾಗುತ್ತದೆ.

ಪೆಟ್ಟು ಬಿದ್ದ ಜಾಗ ಮತ್ತು ಅದರ ಪರಿಣಾಮ

ಗಾಯವಾದ ಆರಂಭದಲ್ಲಿ, ಪೆಟ್ಟು ಎಲ್ಲೇ ಬಿದ್ದಿರಲಿ, ಮೂತ್ರಕೋಶ ಸಾಮಾನ್ಯವಾಗಿ ಸ್ತಬ್ಧವಾಗಿರುತ್ತದೆ. ಇದನ್ನು ವೈದ್ಯರು ಸ್ಪೈನಲ್ ಶಾಕ್ ಎನ್ನುತ್ತಾರೆ. ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಇದು ಮುಂದುವರಿಯಬಹುದು. ಈ ಅವಧಿಯಲ್ಲಿ ಮೂತ್ರ ಕಟ್ಟಿಕೊಂಡು ಚೀಲ ವಿಪರೀತ ಹಿಗ್ಗದಂತೆ ಆಸ್ಪತ್ರೆಯಲ್ಲಿ ಫೋಲಿ ಕ್ಯಾಥೆಟರ್, ಅಂದರೆ ಒಳಗೇ ಉಳಿಯುವ ಪೈಪ್, ಹಾಕಿರುತ್ತಾರೆ.

ಶಾಕ್ ಇಳಿದ ಮೇಲೆ ಎರಡು ಬಗೆಯ ಚಿತ್ರ ಕಾಣುತ್ತದೆ. ಪೆಟ್ಟು ಸೇಕ್ರಲ್ ಕೇಂದ್ರಕ್ಕಿಂತ ಮೇಲೆ, ಅಂದರೆ ಕುತ್ತಿಗೆಯಲ್ಲೋ ಎದೆಯ ಮಟ್ಟದಲ್ಲೋ ಬಿದ್ದಿದ್ದರೆ, ಆ ಕೇಂದ್ರ ಮಿದುಳಿನ ಮಾತು ಕೇಳದೆ ತನ್ನಷ್ಟಕ್ಕೆ ಕೆಲಸ ಮಾಡತೊಡಗುತ್ತದೆ. ಸ್ವಲ್ಪ ತುಂಬಿದರೂ ಚೀಲ ಹಿಂಡಿಕೊಳ್ಳುತ್ತದೆ. ಆದರೆ ಸಡಿಲವಾಗಬೇಕಿದ್ದ ಬಿಗಿಸ್ನಾಯು ಆಗಲೇ ಇನ್ನಷ್ಟು ಬಿಗಿಯುತ್ತದೆ. ಒಳಗಿನಿಂದ ಬಾಗಿಲು ನೂಕುತ್ತಿರುವಾಗಲೇ ಹೊರಗಿನಿಂದ ಅಗುಳಿ ಹಾಕಿದಂತೆ ಇದು. ಸ್ವಲ್ಪ ಮೂತ್ರ ಸೋರುತ್ತದೆ, ಉಳಿದದ್ದು ಹೆಚ್ಚಿನ ಒತ್ತಡದಲ್ಲಿ ಒಳಗೇ ನಿಲ್ಲುತ್ತದೆ.

ಪೆಟ್ಟು ಸೇಕ್ರಲ್ ಭಾಗಕ್ಕೋ ಅದರ ಕೆಳಗಿನ ನರಗುಚ್ಛಕ್ಕೋ ಬಿದ್ದಿದ್ದರೆ ಚೀಲ ಹಿಂಡುವ ಶಕ್ತಿಯನ್ನೇ ಕಳೆದುಕೊಂಡು ಜೋಲುತ್ತದೆ. ಮೂತ್ರ ತುಂಬಿ ತುಳುಕಿದಾಗ ಮಾತ್ರ ಹನಿಹನಿಯಾಗಿ ಹೊರಬರುತ್ತದೆ. ಬಟ್ಟೆ ಒದ್ದೆಯಾಗುವುದನ್ನು ಕಂಡು ಮೂತ್ರ ಹೋಗುತ್ತಿದೆ ಎಂದು ಮನೆಯವರು ಸಮಾಧಾನಪಡುವುದುಂಟು. ನಿಜಕ್ಕೂ ಅದು ಚೀಲ ತುಂಬಿಹೋಗಿದೆ ಎಂಬುದರ ಸೂಚನೆ.

ಎಕ್ಸ್‌ರೇಯಲ್ಲಿ ಕಾಣುವ ಮುರಿದ ಮೂಳೆಯ ಮಟ್ಟವೂ ನರದ ಮಟ್ಟವೂ ಒಂದೇ ಅಲ್ಲ. ಬೆನ್ನುಹುರಿ ಬೆನ್ನೆಲುಬಿಗಿಂತ ಗಿಡ್ಡ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮಣಿಯ ಬಳಿಯೇ ಮುಗಿಯುತ್ತದೆ. ಮರದಿಂದ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವ ಡಿ12 (ಎದೆಭಾಗದ ಕೊನೆಯದು), ಎಲ್1 (ಸೊಂಟದ ಮೊದಲನೆಯದು) ಮಣಿಗಳ ಹಿಂದೆ ಇರುವುದು ಈ ತುದಿಭಾಗವೇ. ಆದ್ದರಿಂದ ಅಲ್ಲಿ ಪೆಟ್ಟಾದವರ ಮೂತ್ರಕೋಶ ಜೋಲಬಹುದು, ಬಿಗಿಯಬಹುದು, ಎರಡರ ಮಿಶ್ರಣವೂ ಆಗಬಹುದು. ಯಾರಿಗೆ ಯಾವ ಬಗೆ ಎಂಬುದನ್ನು ಊಹೆಯಿಂದ ಹೇಳಲಾಗದು, ಪರೀಕ್ಷೆಯೇ ಆಗಬೇಕು.

ಒತ್ತಡ ಏರಿದರೆ ಕಿಡ್ನಿಗೆ ಕುತ್ತು

ಗಾಯಾಳುವಿಗೂ ಮನೆಯವರಿಗೂ ಹೆಚ್ಚು ಕಾಡುವುದು ಸೋರಿಕೆ. ವೈದ್ಯರ ಆತಂಕ ಒತ್ತಡದ್ದು. ಚೀಲದೊಳಗಿನ ಒತ್ತಡ ಬಹುಕಾಲ ಹೆಚ್ಚಾಗಿಯೇ ಉಳಿದರೆ ಮೂತ್ರ ಮೇಲ್ಮುಖವಾಗಿ ನುಗ್ಗುತ್ತದೆ, ಇಲ್ಲವೇ ಮೇಲಿನಿಂದ ಇಳಿಯಬೇಕಾದದ್ದು ಇಳಿಯದೆ ನಿಲ್ಲುತ್ತದೆ. ಮೂತ್ರನಾಳಗಳು ಉಬ್ಬಿ, ಕಿಡ್ನಿಗಳು ಊದಿಕೊಂಡು, ನಿಧಾನವಾಗಿ ಸವೆಯುತ್ತವೆ. ಜೊತೆಗೆ ಸೋಂಕು ಸೇರಿದರೆ ಹಾನಿ ಇನ್ನೂ ಬೇಗ. ಇಷ್ಟೆಲ್ಲ ನಡೆಯುವಾಗ ನೋವಿರುವುದಿಲ್ಲ, ಏಕೆಂದರೆ ಆ ಭಾಗದ ಸಂವೇದನೆಯೇ ಹೋಗಿರುತ್ತದೆ.

ಅಮೆರಿಕದ ಮೂತ್ರರೋಗ ತಜ್ಞ ಎಡ್ವರ್ಡ್ ಮೆಕ್‌ಗ್ವೈರ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದ ಮಕ್ಕಳನ್ನು ಗಮನಿಸಿ 1981ರಲ್ಲಿ ಒಂದು ಅಳತೆಗೋಲನ್ನು ಮುಂದಿಟ್ಟರು. ಸೋರಿಕೆ ಶುರುವಾಗುವ ಹೊತ್ತಿಗೆ ಚೀಲದ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟವನ್ನು ದಾಟುತ್ತಿದ್ದ ಮಕ್ಕಳಲ್ಲಿ ಮೇಲಿನ ಅಂಗಗಳಿಗೆ ಹಾನಿ ಹೆಚ್ಚಾಗಿತ್ತು, ಅದಕ್ಕಿಂತ ಕಡಿಮೆ ಇದ್ದವರಲ್ಲಿ ಅಪರೂಪವಾಗಿತ್ತು. ಆ ಅಂಕಿಯನ್ನು ಎಚ್ಚರಿಕೆಯ ಗೆರೆಯಾಗಿ ವೈದ್ಯರು ಇಂದಿಗೂ ಬಳಸುತ್ತಾರೆ. ಚಿಕಿತ್ಸೆಯ ಗುರಿಗಳ ಕ್ರಮವೂ ಇದರಿಂದಲೇ ಬರುತ್ತದೆ: ಮೊದಲು ಒತ್ತಡ ಕಡಿಮೆ ಇರಬೇಕು, ಆಮೇಲೆ ಚೀಲ ಪೂರ್ತಿ ಖಾಲಿಯಾಗಬೇಕು, ಅದರ ನಂತರ ಬಟ್ಟೆ ಒಣಗಿರಬೇಕು. ಮೊದಲೆರಡು ಸರಿಯಾದರೆ ಮೂರನೆಯದೂ ಬಹುಮಟ್ಟಿಗೆ ಸರಿಹೋಗುತ್ತದೆ.

ಒತ್ತಡ ಅಳೆಯುವ ಪರೀಕ್ಷೆಗೆ ಯೂರೋಡೈನಮಿಕ್ಸ್ ಎಂದು ಹೆಸರು. ತೆಳುವಾದ ನಳಿಕೆಯಿಂದ ಚೀಲಕ್ಕೆ ನಿಧಾನವಾಗಿ ನೀರು ತುಂಬುತ್ತಾ, ಎಷ್ಟು ತುಂಬಿದಾಗ ಒತ್ತಡ ಎಷ್ಟಾಯಿತು, ಯಾವಾಗ ಸೋರಿತು ಎಂಬುದನ್ನು ಯಂತ್ರ ದಾಖಲಿಸುತ್ತದೆ. ಸ್ಪೈನಲ್ ಶಾಕ್ ಇಳಿದ ಮೇಲೆ ಇದನ್ನು ಮಾಡಿಸುವುದು ವಾಡಿಕೆ.

ಚಿಕಿತ್ಸೆ ಬೆಳೆದ ಬಗೆ

ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಗ್ರಂಥ ಕುತ್ತಿಗೆಯ ಮಣಿ ಜಾರಿದವನೊಬ್ಬನನ್ನು ವರ್ಣಿಸುತ್ತದೆ. ಅವನಿಗೆ ಕೈಕಾಲುಗಳ ಅರಿವಿಲ್ಲ, ಮೂತ್ರ ತಾನಾಗಿ ತೊಟ್ಟಿಕ್ಕುತ್ತಿದೆ. ಇದಕ್ಕೆ ಚಿಕಿತ್ಸೆಯಿಲ್ಲ ಎಂಬುದು ಅಲ್ಲಿನ ತೀರ್ಪು. ಆ ನಿರಾಶೆ ಇಪ್ಪತ್ತನೇ ಶತಮಾನದವರೆಗೂ ಉಳಿದಿತ್ತು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಪಾಲು ಮಂದಿ ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣುಗಳಿಂದ ಸತ್ತರು.

ತಿರುವು ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ನರತಜ್ಞ ಲುಡ್ವಿಗ್ ಗುಟ್‌ಮನ್ 1944ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ಆರಂಭಿಸಿದರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುದ್ಧವಾಗಿ ನಿಭಾಯಿಸುವುದು, ಕ್ರೀಡೆ, ಉದ್ಯೋಗ ಇವೆಲ್ಲ ಅವರ ಚಿಕಿತ್ಸೆಯ ಭಾಗವಾಗಿದ್ದವು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೂ ಅಲ್ಲೇ. ಪೈಪನ್ನು ಒಳಗೇ ಬಿಡದೆ ಹೊತ್ತುಹೊತ್ತಿಗೆ ಹಾಕಿ, ಖಾಲಿ ಮಾಡಿ, ತೆಗೆಯುವ ಕ್ರಮದ ಒಳ್ಳೆಯ ಫಲಿತಾಂಶವನ್ನು ಗುಟ್‌ಮನ್ ಮತ್ತು ಹ್ಯಾನ್ಸ್ ಫ್ರ್ಯಾಂಕೆಲ್ 1966ರಲ್ಲಿ ಪ್ರಕಟಿಸಿದರು. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆಯಷ್ಟೇ ಕಟ್ಟುನಿಟ್ಟಾದ ಕ್ರಿಮಿಶುದ್ಧತೆ ಬೇಕಿತ್ತು, ಆಸ್ಪತ್ರೆಯ ಹೊರಗೆ ಅದು ಆಗುವ ಮಾತಾಗಿರಲಿಲ್ಲ.

1972ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್ ಈ ತೊಡಕನ್ನು ಬಿಡಿಸಿದರು. ಸೋಂಕಿಗೆ ಮೂಲ ಕಾರಣ ಹೊರಗಿನಿಂದ ಒಳಹೋಗುವ ನಾಲ್ಕು ಬ್ಯಾಕ್ಟೀರಿಯಾಗಳಲ್ಲ, ವಿಪರೀತ ಹಿಗ್ಗಿದ ಚೀಲ ಎಂಬುದು ಅವರ ವಾದ. ಚೀಲ ಹಿಗ್ಗಿದಾಗ ಅದರ ಗೋಡೆಗೆ ರಕ್ತಸಂಚಾರ ಕುಂದಿ ರೋಗನಿರೋಧಕ ಶಕ್ತಿ ಇಳಿಯುತ್ತದೆ. ಆದ್ದರಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ, ಸೋಪಿನಿಂದ ತೊಳೆದ ಕೈ ಮತ್ತು ಶುಚಿಯಾದ ಕ್ಯಾಥೆಟರ್ ಸಾಕು. ಅಂದಿನ ಹಲವು ವೈದ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಕಾಲ ಲ್ಯಾಪಿಡೀಸರ ಪರವಾಗಿ ನಿಂತಿತು. ರೋಗಿಯೇ ಮನೆಯಲ್ಲಿ ಮಾಡಿಕೊಳ್ಳುವ ಈ ವಿಧಾನವನ್ನು ಇಂದು ಎಲ್ಲೆಡೆ ಸಿಐಸಿ (ಕ್ಲೀನ್ ಇಂಟರ್ಮಿಟೆಂಟ್ ಕ್ಯಾಥೆಟರೈಸೇಷನ್) ಎಂದು ಕರೆಯುತ್ತಾರೆ. ಕೈಬೆರಳುಗಳು ಆಡುವವರಿಗೆ ಇದೇ ಮೊದಲ ಆಯ್ಕೆ.

ಸಿಐಸಿ ಮಾಡಿಕೊಳ್ಳುವ ಕ್ರಮ

ಬೇಕಾದ ಸಾಮಾನು ಕೆಲವೇ: ಮೆದುವಾದ ನೇರ ಕ್ಯಾಥೆಟರ್, ಜೆಲ್ಲಿ, ಸೋಪು, ನೀರು, ಅಳತೆಯ ಗೆರೆಗಳಿರುವ ಪಾತ್ರೆ. ವಯಸ್ಕರಿಗೆ ಸಾಮಾನ್ಯವಾಗಿ 12 ಅಥವಾ 14ನೇ ಅಳತೆಯ ಕ್ಯಾಥೆಟರ್ ಹೊಂದುತ್ತದೆ. ಕೈಗಳನ್ನು ಸೋಪು ಹಚ್ಚಿ ತೊಳೆದು, ಮೂತ್ರದ್ವಾರದ ಸುತ್ತ ಶುಚಿ ಮಾಡಿ, ಕ್ಯಾಥೆಟರಿನ ತುದಿಗೆ ಜೆಲ್ಲಿ ಸವರಬೇಕು. ಗಂಡಸರು ಶಿಶ್ನವನ್ನು ಮೇಲಕ್ಕೆತ್ತಿ ಹಿಡಿದರೆ ಒಳದಾರಿಯ ತಿರುವು ನೇರವಾಗುತ್ತದೆ. ಹೆಂಗಸರು ಕಲಿಯುವ ದಿನಗಳಲ್ಲಿ ಕನ್ನಡಿಯನ್ನು ಎದುರಿಗಿಟ್ಟುಕೊಂಡರೆ ಮೂತ್ರದ್ವಾರ ಗುರುತಿಸುವುದು ಸುಲಭ; ರೂಢಿಯಾದ ಮೇಲೆ ಬೆರಳಿನ ಸ್ಪರ್ಶದಿಂದಲೇ ತಿಳಿಯುತ್ತದೆ.

ಕ್ಯಾಥೆಟರನ್ನು ನಿಧಾನವಾಗಿ ಒಳಗೆ ಸರಿಸುತ್ತಾ ಹೋದಂತೆ ಬಿಗಿಸ್ನಾಯುವಿನ ಬಳಿ ಒಮ್ಮೊಮ್ಮೆ ತಡೆ ಸಿಗುತ್ತದೆ. ಆಗ ನೂಕಬಾರದು. ಒಂದೆರಡು ಸಲ ದೀರ್ಘವಾಗಿ ಉಸಿರಾಡಿ, ಹಗುರವಾಗಿ ಒತ್ತಿ ಹಿಡಿದು ಕಾದರೆ ಬಿಗಿತ ಬಿಡುತ್ತದೆ. ಬಲವಂತ ಮಾಡಿದರೆ ಒಳಪದರ ಹರಿದು ರಕ್ತ ಬರಬಹುದು, ಮುಂದೆ ದಾರಿ ಕಿರಿದಾಗಬಹುದು. ಮೂತ್ರ ಬರತೊಡಗಿದ ಮೇಲೆ ಇನ್ನೂ ಎರಡು ಮೂರು ಸೆಂಟಿಮೀಟರ್ ಒಳಗೆ ಸರಿಸಿ, ಹರಿವು ನಿಲ್ಲುವವರೆಗೆ ಹಿಡಿದಿರಬೇಕು. ಹೊರಗೆಳೆಯುವಾಗಲೂ ಆತುರ ಸಲ್ಲದು. ಎಳೆಯುತ್ತಿರುವಾಗ ಮತ್ತೆ ಮೂತ್ರ ಬಂದರೆ ಅಲ್ಲೇ ನಿಲ್ಲಿಸಿ, ಪೂರ್ತಿ ಬಸಿದ ಮೇಲೆ ತೆಗೆಯಬೇಕು. ತಳದಲ್ಲಿ ಉಳಿದ ಮೂತ್ರವೇ ಸೋಂಕಿಗೆ, ಕಲ್ಲಿಗೆ ಮೂಲ.

ದಿನಕ್ಕೆ ನಾಲ್ಕರಿಂದ ಆರು ಸಲ, ಅಂದರೆ ನಾಲ್ಕರಿಂದ ಆರು ಗಂಟೆಗೊಮ್ಮೆ, ಖಾಲಿ ಮಾಡುವುದು ಸಾಮಾನ್ಯ ಕ್ರಮ. ಒಂದು ಸಲಕ್ಕೆ ಬರುವ ಮೂತ್ರ 500 ಮಿಲಿಲೀಟರ್ ದಾಟಬಾರದು. ದಾಟುತ್ತಿದ್ದರೆ ನಡುವಿನ ಅಂತರ ಕಡಿಮೆ ಮಾಡಬೇಕು, ಇಲ್ಲವೇ ನೀರು ಕುಡಿಯುವ ವೇಳೆಯನ್ನು ಹೊಂದಿಸಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರನ್ನು ಗುಟುಕು ಗುಟುಕಾಗಿ ಹಂಚಿ ಕುಡಿದು, ರಾತ್ರಿಯೂಟದ ನಂತರ ಕಡಿಮೆ ಮಾಡುವುದು ಒಳ್ಳೆಯದು. ಹಗಲೆಲ್ಲ ಗಾಲಿಕುರ್ಚಿಯಲ್ಲಿ ಕುಳಿತವರ ಕಾಲುಗಳಲ್ಲಿ ನೀರು ಇಳಿದು ಬಾವು ಬಂದಿರುತ್ತದೆ. ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ ರಾತ್ರಿ ಮೂತ್ರ ಹೆಚ್ಚಾಗುತ್ತದೆ. ಸಂಜೆ ಸ್ವಲ್ಪ ಹೊತ್ತು ಕಾಲು ಮೇಲೆತ್ತಿ ಮಲಗಿದರೆ ಆ ಮೂತ್ರ ನಿದ್ದೆಗೆ ಮುನ್ನವೇ ಹೊರಬರುತ್ತದೆ. ಕುಡಿದ ನೀರು, ಖಾಲಿ ಮಾಡಿದ ವೇಳೆ, ಬಂದ ಮೂತ್ರದ ಅಳತೆ, ನಡುವೆ ಸೋರಿದ್ದು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದರಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ.

ಕ್ಯಾಥೆಟರುಗಳನ್ನು ತಯಾರಿಸುವುದು ಒಮ್ಮೆ ಬಳಸಿ ಎಸೆಯಲೆಂದೇ. ದಿನಕ್ಕೆ ಐದಾರು ಕೊಳ್ಳುವ ಅನುಕೂಲ ಇಲ್ಲಿನ ಹೆಚ್ಚಿನವರಿಗೆ ಇಲ್ಲದ್ದರಿಂದ ತೊಳೆದು ಮತ್ತೆ ಬಳಸುವುದು ರೂಢಿಯಲ್ಲಿದೆ. ಹಾಗೆ ಮಾಡುವವರು ಬಳಸಿದ ಕೂಡಲೇ ಒಳಗೂ ಹೊರಗೂ ಸೋಪುನೀರಿನಿಂದ ತೊಳೆದು, ಶುದ್ಧ ನೀರು ಹಾಯಿಸಿ, ಪೂರ್ತಿ ಒಣಗಿಸಿ, ಮುಚ್ಚಳವಿರುವ ಸ್ವಚ್ಛ ಡಬ್ಬಿಯಲ್ಲಿಡಬೇಕು. ಒರಟಾದದ್ದು, ಬಿರುಸಾದದ್ದು, ಬಿರುಕುಬಿಟ್ಟದ್ದು, ಬಣ್ಣಗೆಟ್ಟದ್ದನ್ನು ಎಸೆಯಬೇಕು. ಒಬ್ಬರದನ್ನು ಇನ್ನೊಬ್ಬರು ಬಳಸಲೇಬಾರದು.

ಬೇರೆ ದಾರಿಗಳು

ಕುತ್ತಿಗೆಗೆ ಪೆಟ್ಟಾಗಿ ಬೆರಳುಗಳು ಆಡದವರಿಗೆ ಮನೆಯವರು ಸಿಐಸಿ ಮಾಡಬಹುದು. ಹಗಲೂ ರಾತ್ರಿಯೂ ಅದು ಸಾಧ್ಯವಾಗದಿದ್ದಾಗ ಒಳಗೇ ಉಳಿಯುವ ಕ್ಯಾಥೆಟರ್ ಬೇಕಾಗುತ್ತದೆ. ಮೂತ್ರದ್ವಾರದಿಂದ ಹಾಕುವ ಫೋಲಿಯನ್ನು ವರ್ಷಗಟ್ಟಲೆ ಇಟ್ಟರೆ ಆ ದಾರಿ ಸೀಳುವ, ಹುಣ್ಣಾಗುವ ಅಪಾಯವಿದೆ. ಆದ್ದರಿಂದ ದೀರ್ಘಕಾಲಕ್ಕೆ ಕಿಬ್ಬೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಕೋಶಕ್ಕೆ ಕ್ಯಾಥೆಟರ್ ಹಾಕುವುದು ಮೇಲು. ಯಾವುದೇ ಆದರೂ ವೈದ್ಯರು ಹೇಳಿದ ಅವಧಿಗೆ ಬದಲಿಸಬೇಕು, ಜಗ್ಗದಂತೆ ತೊಡೆಗೋ ಹೊಟ್ಟೆಗೋ ಅಂಟಿಸಬೇಕು, ಯೂರಿನ್ ಬ್ಯಾಗು ಸದಾ ಮೂತ್ರಕೋಶಕ್ಕಿಂತ ಕೆಳಮಟ್ಟದಲ್ಲಿರಬೇಕು. ಹಲವು ವರ್ಷ ಕ್ಯಾಥೆಟರ್ ಒಳಗಿದ್ದವರಲ್ಲಿ ಮೂತ್ರಕೋಶದ ಕಲ್ಲು ಸಾಮಾನ್ಯ, ಮೂತ್ರಕೋಶದ ಕ್ಯಾನ್ಸರಿನ ಸಾಧ್ಯತೆಯೂ ಉಳಿದವರಿಗಿಂತ ಹೆಚ್ಚು. ಮೂತ್ರದಲ್ಲಿ ರಕ್ತ ಕಂಡರೆ ಉದಾಸೀನ ಮಾಡಬಾರದು.

ಗಂಡಸರು ಬಳಸುವ ಕಾಂಡೋಮ್ ಕ್ಯಾಥೆಟರ್ ಸೋರಿದ ಮೂತ್ರವನ್ನು ಯೂರಿನ್ ಬ್ಯಾಗಿಗೆ ಸಾಗಿಸುತ್ತದೆ, ಅಷ್ಟೆ. ಒಳಗೆ ಮೂತ್ರ ಉಳಿದಿದೆಯೇ, ಒತ್ತಡ ಹೆಚ್ಚಿದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಹಿಂದೆ ರೂಢಿಯಲ್ಲಿದ್ದ ಕಿಬ್ಬೊಟ್ಟೆ ಒತ್ತಿ ಅಥವಾ ಮುಕ್ಕಿ ಮೂತ್ರ ಹೊರಡಿಸುವ ಕ್ರಮ ಚೀಲದ ಒತ್ತಡವನ್ನು ಏರಿಸುತ್ತದೆ. ಬಿಗಿಸ್ನಾಯು ಬಿಗಿಯಾಗಿರುವವರಿಗಂತೂ ಅದು ಅಪಾಯಕಾರಿ.

ಔಷಧ, ಇಂಜೆಕ್ಷನ್, ಶಸ್ತ್ರಚಿಕಿತ್ಸೆ

ಸಿಐಸಿ ನಡುವೆಯೂ ಸೋರಿಕೆ ಇದ್ದರೆ ಅಥವಾ ಒತ್ತಡ ಹೆಚ್ಚಿದ್ದರೆ ಚೀಲವನ್ನು ಸಡಿಲಗೊಳಿಸುವ ಮಾತ್ರೆಗಳನ್ನು ಕೊಡುತ್ತಾರೆ. ಆಕ್ಸಿಬ್ಯುಟಿನಿನ್, ಟೋಲ್ಟೆರೋಡಿನ್, ಸೋಲಿಫೆನಾಸಿನ್ ಈ ಗುಂಪಿನವು. ಬಾಯಿ ಒಣಗುವುದು, ಮಲಬದ್ಧತೆ ಇವುಗಳ ಅಡ್ಡಪರಿಣಾಮ. ಮಿರಾಬೆಗ್ರಾನ್ ಬೇರೆ ಬಗೆಯಲ್ಲಿ ಕೆಲಸ ಮಾಡುವುದರಿಂದ ಈ ತೊಂದರೆಗಳು ಅದರಲ್ಲಿ ಕಡಿಮೆ. ಮಾತ್ರೆಗೆ ಬಗ್ಗದಿದ್ದರೆ ದುರ್ಬೀನಿನ ಮೂಲಕ ಮೂತ್ರಕೋಶದ ಸ್ನಾಯುವಿಗೇ ಬೊಟುಲಿನಮ್ ಟಾಕ್ಸಿನ್ ಚುಚ್ಚುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಪರಿಣಾಮ ಕೆಲವು ತಿಂಗಳು ಉಳಿಯುತ್ತದೆ, ಆಮೇಲೆ ಮತ್ತೆ ಚುಚ್ಚಿಸಬೇಕು. ಇವೆಲ್ಲ ಚೀಲವನ್ನು ಶಾಂತವಾಗಿಡುತ್ತವೆ. ಖಾಲಿ ಮಾಡುವ ಕೆಲಸ ಕ್ಯಾಥೆಟರಿನದೇ.

ಯಾವುದೂ ಫಲಿಸದ ಕೆಲವರಿಗೆ ಕರುಳಿನ ತುಂಡನ್ನು ಜೋಡಿಸಿ ಮೂತ್ರಕೋಶವನ್ನು ದೊಡ್ಡದು ಮಾಡುವ ಶಸ್ತ್ರಚಿಕಿತ್ಸೆ ಇದೆ. ಫ್ರಾನ್ಸಿನ ಪಾಲ್ ಮಿತ್ರೋಫನಾಫ್ 1980ರಲ್ಲಿ ವಿವರಿಸಿದ ವಿಧಾನದಲ್ಲಿ ಅಪೆಂಡಿಕ್ಸನ್ನು ಮೂತ್ರಕೋಶಕ್ಕೂ ಹೊಟ್ಟೆಯ ಚರ್ಮಕ್ಕೂ ನಡುವೆ ಹೊಸ ದಾರಿಯಾಗಿ ಹೊಲಿಯುತ್ತಾರೆ. ಬಟ್ಟೆ ಬಿಚ್ಚಿ ಗಾಲಿಕುರ್ಚಿಯಿಂದ ಇಳಿಯುವುದು ಕಷ್ಟವಾದ ಹೆಂಗಸರಿಗೆ ಹೊಕ್ಕುಳ ಬಳಿಯಿಂದಲೇ ಸಿಐಸಿ ಮಾಡಿಕೊಳ್ಳಲು ಇದರಿಂದ ಅನುಕೂಲ.

ಸೋಂಕು: ಯಾವಾಗ ಔಷಧ, ಯಾವಾಗ ಬೇಡ

ಕ್ಯಾಥೆಟರ್ ಬಳಸುವ ಬಹುತೇಕರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಲ್ಯಾಬ್ ವರದಿಯಲ್ಲಿ ಪಸ್ ಸೆಲ್ಸ್ ಕಂಡ ಮಾತ್ರಕ್ಕೆ ಆಂಟಿಬಯಾಟಿಕ್ ನುಂಗಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ, ನಿಜಕ್ಕೂ ಬೇಕಾದಾಗ ಔಷಧ ಕೆಲಸ ಮಾಡುವುದಿಲ್ಲ. ಜ್ವರ, ನಡುಕ, ಎಂದಿಗಿಂತ ಹೆಚ್ಚಾದ ಕಾಲಿನ ಸೆಳೆತ, ಹೊಸದಾಗಿ ಶುರುವಾದ ಸೋರಿಕೆ, ಮೈಗೆ ಹುಷಾರಿಲ್ಲದಿರುವುದು ಇಂಥ ಲಕ್ಷಣಗಳು ಜೊತೆಗಿದ್ದರೆ ಮಾತ್ರ ಅದು ಚಿಕಿತ್ಸೆ ಬೇಕಾದ ಸೋಂಕು. ಆಗ ಮೂತ್ರದ ಕಲ್ಚರ್ ಮಾಡಿಸಿ ತಕ್ಕ ಔಷಧ ತೆಗೆದುಕೊಳ್ಳಬೇಕು. ಸೋಂಕು ಮರುಕಳಿಸುತ್ತಲೇ ಇದ್ದರೆ ಕಲ್ಲು, ಉಳಿಕೆ ಮೂತ್ರ, ಹೆಚ್ಚಿದ ಒತ್ತಡ ಇವುಗಳಲ್ಲಿ ಯಾವುದು ಕಾರಣ ಎಂದು ಹುಡುಕಬೇಕು. ಮಲಬದ್ಧತೆಯೂ ಕಾರಣವಾಗಬಹುದು, ಗಟ್ಟಿಯಾದ ಮಲ ಪಕ್ಕದ ಮೂತ್ರಕೋಶವನ್ನು ಒತ್ತಿ ಸರಿಯಾಗಿ ಖಾಲಿಯಾಗದಂತೆ ಮಾಡುತ್ತದೆ.

ಒಮ್ಮೆಲೇ ಏರುವ ಬಿಪಿ

ಎದೆಭಾಗದ ಆರನೇ ನರಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಂದು ತುರ್ತು ಅಪಾಯವಿದೆ. ಇದರ ಹೆಸರು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಗಾಯದ ಕೆಳಗೆ ಏನಾದರೂ ಕಿರಿಕಿರಿಯಾದಾಗ ರಕ್ತನಾಳಗಳು ಬಿಗಿದು ಬಿಪಿ ಒಮ್ಮೆಲೇ ಏರುತ್ತದೆ. ಬಡಿಯುವಂಥ ತಲೆನೋವು, ಕೆಂಪಾದ ಮುಖ, ಗಾಯದ ಮೇಲ್ಭಾಗದಲ್ಲಿ ಬೆವರು, ಕಟ್ಟಿದ ಮೂಗು ಇದರ ಗುರುತುಗಳು. ಅತಿ ಸಾಮಾನ್ಯ ಕಾರಣ ತುಂಬಿದ ಮೂತ್ರಕೋಶ. ಕೂಡಲೇ ವ್ಯಕ್ತಿಯನ್ನು ನೆಟ್ಟಗೆ ಕೂರಿಸಿ, ಕಾಲು ಇಳಿಬಿಟ್ಟು, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಬೇಕು. ಒಳಗೆ ಕ್ಯಾಥೆಟರ್ ಇದ್ದರೆ ಅದು ಮಡಿಚಿದೆಯೇ, ಕಟ್ಟಿಕೊಂಡಿದೆಯೇ ನೋಡಬೇಕು. ಬಿಪಿ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಇಂಥ ಗಾಯಾಳುಗಳ ಸಹಜ ಬಿಪಿಯೇ ಕಡಿಮೆ ಇರುವುದರಿಂದ ಬೇರೆಯವರಿಗೆ ಸಾಮಾನ್ಯವೆನಿಸುವ 130, 140 ಕೂಡ ಇವರಿಗೆ ಅಪಾಯದ ಸೂಚನೆಯಾಗಬಹುದು.

ಕಲಿಕೆ, ನೆರವು, ತಪಾಸಣೆ

ಸಿಐಸಿಯನ್ನು ಪುಸ್ತಕ ಓದಿ ಕಲಿಯಲಾಗದು, ಕೈಹಿಡಿದು ಕಲಿಸುವವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನ ವಿಭಾಗವಿದೆ. 1959ರಲ್ಲಿ ಶುರುವಾದ ಬೆಂಗಳೂರಿನ ಅಂಗವಿಕಲರ ಸಂಸ್ಥೆ ಎಪಿಡಿ ಬೆನ್ನುಹುರಿ ಗಾಯಾಳುಗಳ ಪುನಶ್ಚೇತನದಲ್ಲೂ ತೊಡಗಿದೆ. ಅಡಿಕೆ ತೋಟಗಳ ನಾಡಾದ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನಶ್ಚೇತನ ಸಂಸ್ಥೆಯನ್ನು 1966ರಲ್ಲಿ ಕಟ್ಟಿ ನಿಲ್ಲಿಸಿದ ಡಾ. ಮೇರಿ ವರ್ಗೀಸ್ ಸ್ವತಃ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲೇ ವೈದ್ಯವೃತ್ತಿ ನಡೆಸಿದವರು.

ಮನೆಯಲ್ಲಿ ಕಲಿತ ಕ್ರಮ ಹೊರಗೂ ನಡೆಯಬೇಕಾದರೆ ಗಾಲಿಕುರ್ಚಿ ಒಳಹೋಗುವಷ್ಟು ಅಗಲವಾದ ಬಾಗಿಲು, ನೀರು, ಕೈತೊಳೆಯುವ ಅನುಕೂಲವಿರುವ ಶೌಚಾಲಯ ಬಸ್ ನಿಲ್ದಾಣದಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಇರಲೇಬೇಕು. ಇಲ್ಲದಿದ್ದರೆ ಜನ, ಅದರಲ್ಲೂ ಹೆಂಗಸರು, ನೀರು ಕುಡಿಯುವುದನ್ನೇ ಬಿಟ್ಟು ಸೋಂಕು ತಂದುಕೊಳ್ಳುತ್ತಾರೆ, ಅಥವಾ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳನ್ನು ಅಂಗವಿಕಲರು ಬಳಸುವಂತೆ ಮಾಡುವುದನ್ನು ಕರ್ತವ್ಯವಾಗಿಸಿದೆ. ಕಾಗದದ ಮೇಲಿರುವ ಆ ಹಕ್ಕು ಗಾಯಾಳುವಿನ ಕಿಡ್ನಿಗೂ ಸಂಬಂಧಪಟ್ಟದ್ದು.

ತಪಾಸಣೆ ಜೀವನಪರ್ಯಂತ ನಡೆಯಬೇಕು. ವರ್ಷಕ್ಕೊಮ್ಮೆ ಕಿಡ್ನಿ ಮತ್ತು ಮೂತ್ರಕೋಶದ ಅಲ್ಟ್ರಾಸೌಂಡ್ ಮಾಡಿಸಿ, ಊತ, ಕಲ್ಲು, ಉಳಿಕೆ ಮೂತ್ರ ಇವೆಯೇ ಎಂದು ನೋಡಿಸಬೇಕು. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಕಾಲಿನ ಸ್ನಾಯುಗಳು ಕರಗಿದವರಲ್ಲಿ ಕಿಡ್ನಿ ಸೋಲುತ್ತಿದ್ದರೂ ಅದರ ಅಂಕಿ ಸರಿಯಾಗಿಯೇ ಕಾಣಬಹುದು, ಆದ್ದರಿಂದ ಹಳೆಯ ವರದಿಗಳ ಜೊತೆ ಹೋಲಿಸಿ ನೋಡುವುದು ಮುಖ್ಯ. ಸೋರಿಕೆ ಅಥವಾ ಸೋಂಕು ಹೆಚ್ಚಿದಾಗ, ಅಲ್ಟ್ರಾಸೌಂಡಿನಲ್ಲಿ ಬದಲಾವಣೆ ಕಂಡಾಗ ಯೂರೋಡೈನಮಿಕ್ಸ್ ಮತ್ತೆ ಮಾಡಿಸಬೇಕು. ಹತ್ತು ವರ್ಷ ಏನೂ ತೊಂದರೆಯಿಲ್ಲದೆ ಕಳೆದವರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಬೆನ್ನುಹುರಿಗೆ ಪೆಟ್ಟಾದವರ ಮೂತ್ರಕೋಶ ವರ್ಷಗಳು ಉರುಳಿದಂತೆ ಸದ್ದಿಲ್ಲದೆ ಬದಲಾಗುತ್ತದೆ, ಆ ಬದಲಾವಣೆ ತಿಳಿಯುವುದು ಪರೀಕ್ಷೆಯಿಂದ ಮಾತ್ರ.